ಪಟಿಕ ಹಾಕದ ಕೆಂಪು

ಹೂವು ಹೊಸ್ತಿಲು ದಾಟುತ್ತಿತ್ತು. ಹೂವು ಮಾಡಿದವಳು ದಾಟುವಂತಿರಲಿಲ್ಲ.

ಏಳು ವರ್ಷದಿಂದ ಬಟುಲಿ ಜಗಲಿಯ ಮೇಲೇ ಕೂತಿದ್ದಳು. ನೇಪಾಳದ ಕೀರ್ತಿಪುರದ ಗುಡ್ಡದ ಬುಡದಲ್ಲಿ ಭಾಗೀರಥಿ ಖತಿವಡಾಳ ಇಟ್ಟಿಗೆ ಮನೆ. ಮೇಲಂತಸ್ತಿನಲ್ಲಿ ಸಂಸಾರ, ಕೆಳಗೆ ಶುಭಾಶಯ ಪತ್ರ ಮಾಡುವ ಕಾರ್ಖಾನೆ. ಒಡತಿಯನ್ನು ಎಲ್ಲರೂ ಸಾಹುನಿ ಅನ್ನುತ್ತಿದ್ದರು. ಒಳಗೆ ಫ್ಯಾನಿನ ಕೆಳಗೆ ಹದಿಮೂರು ಹೆಂಗಸರು. ಹೊರಗೆ ಬಟುಲಿ, ಅವಳ ಮಗಳು ರೂಪ್ಸಾ. ಇಂಥವರು ಇಂಥಲ್ಲಿ ಕೂರಬೇಕು ಅಂತ ಯಾರೂ ಬೋರ್ಡು ಬರೆದಿರಲಿಲ್ಲ. ದಮಾಯಿಗಳು ಎಲ್ಲಿ ಕೂರಬೇಕು ಅನ್ನುವುದು ಆ ಮನೆಯ ಬಾಗಿಲಿಗೂ ಗೊತ್ತಿತ್ತು.

ದಮಾಯಿ ಅಂದರೆ ಬಟ್ಟೆ ಹೊಲಿಯುವವರು, ಮದುವೆಯಲ್ಲಿ ವಾಲಗ ಊದುವವರು. ಅವರು ಹೊಲಿದ ಅಂಗಿ ಮೈಗೆ ಆಗುತ್ತದೆ. ಅವರು ಊದದೆ ಮದುಮಗ ಮನೆಯಿಂದ ಕಾಲು ಹೊರಗಿಡುವುದಿಲ್ಲ. ಅವರು ಮುಟ್ಟಿದ ನೀರು ಮಾತ್ರ ಆಗುವುದಿಲ್ಲ.

ಬಟುಲಿಯ ಕತ್ತರಿ ಅವಳಪ್ಪನದು. ಕಬ್ಬಿಣದ್ದು, ತೂಕದ್ದು. ಹೆಬ್ಬೆರಳು ತೂರಿಸುವ ಕಡೆ ಸುತ್ತಿದ ಬಟ್ಟೆಯೇ ಎಷ್ಟು ಸಲ ಬದಲಾಯಿತೋ. ಅಪ್ಪ ಅದರಲ್ಲಿ ಇಡೀ ಊರಿನ ಮೈಗೆ ಅಂಗಿ ಕತ್ತರಿಸಿದ. ಮಗಳು ಲೋಕ್ತಾ ಕಾಗದ ಕತ್ತರಿಸಿದಳು. ಬೆಟ್ಟದ ಗಿಡದ ತೊಗಟೆ ಜಜ್ಜಿ ಮಾಡುವ ಕಾಗದ ಅದು, ಎಳೆದರೂ ಹರಿಯುವುದಿಲ್ಲ. ಅದನ್ನು ಕತ್ತರಿಸುವುದಕ್ಕೆ ಬೆರಳಲ್ಲ, ಭುಜ ಬೇಕು. ಸಂಜೆಯಾಗುವಷ್ಟರಲ್ಲಿ ಹೆಬ್ಬೆರಳಿನ ಬುಡ ಕಲ್ಲಾಗುತ್ತಿತ್ತು. ಕಾಗದದ ಎಳೆ ಗಂಟಲಿಗೆ ಹೋಗಿ ಕೂರುತ್ತಿತ್ತು, ಹೊರಗೂ ಬರದೆ ಒಳಗೂ ಇಳಿಯದೆ. ಉಗುರಿನ ಬುಡದ ಕೆಂಪು ಏಳು ವರ್ಷದಿಂದ ಹೋಗಿರಲಿಲ್ಲ.

ಅವಳ ಲಾಲಿಗುರಾಂಸ್ ಹೂವಿಗೆ ಸಮ ಇರಲಿಲ್ಲ. ಫಾಲ್ಗುಣದಲ್ಲಿ ಇಡೀ ಬೆಟ್ಟಕ್ಕೇ ಬೆಂಕಿ ಬಿದ್ದಂತೆ ಅರಳುವ ಹೂವು. ಒಂದು ಗೊಂಚಲಿಗೆ ಗಂಟೆಯಾಕಾರದ ಹತ್ತು ಹೂವು, ಒಂದೊಂದು ಹೂವಿಗೆ ಐದು ಎಸಳು. ಎಸಳನ್ನು ಕತ್ತರಿಯ ಬೆನ್ನಿನಿಂದ ಎಳೆದು ಸುರುಳಿ ಮಾಡಬೇಕು, ಅಂಚನ್ನು ಸೂಜಿಯಿಂದ ಚಿವುಟಬೇಕು, ದಾರದ ಕೇಸರ ತೂರಿಸಬೇಕು. ಆಮೇಲೆ ಬಿಳಿ ಪತ್ರದ ಎದೆಗೆ ಅಂಟಿಸಬೇಕು. ಮೈದಾ ಅಂಟು ಬೇಯಿಸುವ ಕೆಲಸ ಮಾತ್ರ ಒಳಗಿನ ಡೋಲ್ಮಾ ತಮಾಂಗಳದು.

"ಅಂಟು ಬೇಯ್ಸೋದು ನಿನ್ನ ಕೈಗೆ ಯಾಕೆ ಕೊಡಲ್ಲ ಗೊತ್ತಾ?" ಅನ್ನುತ್ತಿದ್ದಳು ಡೋಲ್ಮಾ, ಡಬ್ಬಿಯನ್ನು ಜಗಲಿಗೆ ತಂದಿಡುತ್ತ. "ಬೇಯ್ಸಿದ್ದು ಅಂದ್ರೆ ಅಡುಗೆ ಅಂತೆ. ಮೈಲುತುತ್ತ ಹಾಕಿದ ಅಂಟು ಕಣೇ ಇದು. ಜಿರಳೆ ತಿಂದ್ರೂ ಸಾಯುತ್ತೆ. ಅದಕ್ಕೂ ಜಾತಿ."

"ಜಿರಳೆ ಯಾವ ಜಾತಿಯದಂತೆ?"

"ಒಳಗೇ ಇರುತ್ತಲ್ಲ, ದೊಡ್ಡ ಜಾತಿಯದೇ ಇರ್ಬೇಕು."

ಹೂವು ಮುಗಿದ ಪತ್ರಗಳನ್ನು ಬಟುಲಿ ಬಿದಿರಿನ ಮೊರದಲ್ಲಿ ಜೋಡಿಸಿ ಹೊಸ್ತಿಲಿನ ಈಚೆ ಇಡುತ್ತಿದ್ದಳು. ಸಾಹುನಿ ಬರುತ್ತಿದ್ದಳು. ಒಂದು ಕೈಯಲ್ಲಿ ತಾಮ್ರದ ಬಟ್ಟಲು, ಅದರೊಳಗೆ ಮುಳುಗಿದ ಚಿನ್ನದ ಉಂಗುರ. ಇನ್ನೊಂದು ಕೈಯಲ್ಲಿ ಗರಿಕೆ. ಗರಿಕೆಯನ್ನು ಅದ್ದಿ ಮೊರದ ಮೇಲೆ ಚಿಮುಕಿಸುತ್ತಿದ್ದಳು, ಮೂರು ಸಲ. ಸುನ್‌ಪಾನಿ. ಚಿನ್ನ ಸೋಕಿದ ನೀರು ಬಿದ್ದರೆ ಮೈಲಿಗೆ ಕಳೆಯಿತು. ಆಮೇಲೆ ಮೊರ ಒಳಗೆ. ಒಳಗಿನವರು ಮಾಡಿದ ಪತ್ರಗಳಿಗೆ ಈ ಸ್ನಾನ ಇರಲಿಲ್ಲ.

ಹನಿ ಬಿದ್ದರೂ ಬಟುಲಿಯ ಕೆಂಪು ಕದಲುತ್ತಿರಲಿಲ್ಲ. ಕಾಗದಕ್ಕೆ ಬಣ್ಣ ಕಟ್ಟುವವಳೂ ಅವಳೇ. ಹಿತ್ತಲಿನಲ್ಲಿ ಹಾಳೆಗಳನ್ನು ಮೊದಲು ಪಟಿಕದ ನೀರಿನಲ್ಲಿ ಒಂದಿಡೀ ದಿನ ನೆನೆಸಿ, ಆಮೇಲೆ ಬಣ್ಣಕ್ಕೆ ಅದ್ದುತ್ತಿದ್ದಳು. ವಾಲಗದವರು ತಲೆಗೆ ಸುತ್ತುವ ಪಾಗು ಕೆಂಪು ಮಾಡುವಾಗ ಅಪ್ಪ ಹೇಳಿಕೊಟ್ಟ ವಿದ್ಯೆ. "ಪಟಿಕ ಇಲ್ಲದ ಬಣ್ಣ ನೆಂಟ ಇದ್ದ ಹಾಗೆ ಬಟುಲಿ. ಯಾವಾಗ ಹೊರಡ್ಲಿ ಅಂತ ಕಾಯ್ತಿರುತ್ತೆ." ಏಳು ವರ್ಷ ಸಾಹುನಿಯ ನೀರನ್ನು ಆ ಪಟಿಕವೇ ತಡೆದುಕೊಂಡಿತ್ತು. ಬಟುಲಿಯೂ ತಡೆದುಕೊಂಡಿದ್ದಳು. ನಾಲ್ಕು ಹನಿ ತಾನೇ, ನನ್ನ ಮೈಯೇನು ಸುಡುತ್ತಾ, ಅಂದುಕೊಂಡು.

ಭಾದ್ರ ಮಾಸದ ಒಂದು ಮಧ್ಯಾಹ್ನ. ಗಾಳಿ ಸತ್ತಿತ್ತು. ರೂಪ್ಸಾಳಿಗೆ ಕೆಮ್ಮು ಹತ್ತಿತು. ಹದಿನೆಂಟರ ಹುಡುಗಿ, ಹತ್ತನೇ ತರಗತಿ ಪಾಸು ಮಾಡಿದವಳು, ಕೆಮ್ಮಿ ಕೆಮ್ಮಿ ಎರಡಾಗಿ ಮಡಚಿಕೊಂಡಳು. ಜಗಲಿಯವರಿಗೆಂದು ಇಟ್ಟ ಪ್ಲಾಸ್ಟಿಕ್ ಜಗ್ಗಿನಲ್ಲಿ ಹನಿ ನೀರಿರಲಿಲ್ಲ. ಬಟುಲಿ ನಲ್ಲಿಗೆ ಹೋಗಲು ಎದ್ದಳು. ಅಷ್ಟರಲ್ಲಿ ಹುಡುಗಿ ಹೊಸ್ತಿಲಾಚೆ ಕೈ ಚಾಚಿ, ಬಾಗಿಲ ಪಕ್ಕದ ಗಾಗ್ರಿಗೆ, ಒಳಗಿನವರ ತಾಮ್ರದ ಕೊಡಕ್ಕೆ, ಲೋಟ ಅದ್ದಿ, ನಿಂತಲ್ಲೇ ಕುಡಿದುಬಿಟ್ಟಳು.

ಸಾಹುನಿ ಮೆಟ್ಟಿಲಿಳಿದು ಬರುತ್ತಿದ್ದಳು.

ಕೂಗಾಡಲಿಲ್ಲ. ಗಾಗ್ರಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಹೊಸ್ತಿಲಿನವರೆಗೆ ತಂದಳು. ರೂಪ್ಸಾಳ ತಲೆಯ ಮೇಲೆ ಅಷ್ಟನ್ನೂ ಸುರಿದಳು. ಕೊನೆ ಹನಿ ಬೀಳುವವರೆಗೂ ಕೊಡವಿದಳು.

"ಕುಡಿ. ಹೊಟ್ಟೆ ತುಂಬಾ ಕುಡಿ."

ಆಮೇಲೆ ಖಾಲಿ ಗಾಗ್ರಿಯನ್ನು ಅಂಗಳಕ್ಕೆ ಉರುಳಿಸಿದಳು. "ಉಜ್ಜು. ಬೂದಿ ಹಾಕಿ ಉಜ್ಜು."

ರೂಪ್ಸಾ ಕುಕ್ಕುರುಗಾಲಿನಲ್ಲಿ ಕೂತಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೂದಿ, ಹುಲ್ಲು, ತಾಮ್ರ. ಅವಳು ಉಜ್ಜಿ ಮುಗಿಸಿದಾಗ ಗಾಗ್ರಿ ಕನ್ನಡಿಯಾಗಿತ್ತು. ಸಾಹುನಿ ಒಳಗೆ ತಿರುಗಿ ಕರೆದಳು.

"ಏ ಡೋಲ್ಮಾ, ಬಾ ಇಲ್ಲಿ. ನೀನು ಇನ್ನೊಂದು ಸಲ ತೊಳಿ. ಮುಟ್ಟಿದವಳೇ ತೊಳೆದ್ರೆ ತೊಳೆದ ಹಾಗಾ?"

ಒಳಗೆ ಹದಿಮೂರು ಕತ್ತರಿ ನಿಂತಿದ್ದವು. ಒಂದೊಂದಾಗಿ ಮತ್ತೆ ಶುರುವಾದವು. ಕಚ್, ಕಚ್. ಜಗಲಿಯ ಮೇಲಿನ ಕಬ್ಬಿಣದ ಕತ್ತರಿಯೂ ಶುರುವಾಯಿತು.

ಆವತ್ತು ಕೋಣೆಗೆ ಮರಳಿದ ಮೇಲೆ ಬಟುಲಿ ಢಿಂಡೊ ಮುದ್ದೆ ತಿರುವಿ ಮಗಳ ಮುಂದಿಟ್ಟಳು. ಮಗಳು ಮುಟ್ಟಲಿಲ್ಲ.

"ಆಮಾ."

"ಏನವ್ವಾ?"

"ನೀನ್ಯಾಕೆ ಕತ್ತರಿಸ್ತಾನೇ ಇದ್ದೆ?"

ಬಟುಲಿ ತಟ್ಟೆಯನ್ನು ಮಗಳ ಹತ್ತಿರಕ್ಕೆ ಇನ್ನಷ್ಟು ಸರಿಸಿದಳು. ಸಾಹುನಿಯನ್ನು ಬೈಯಲು ನೂರು ಮಾತಿದ್ದವು. ಈ ಪ್ರಶ್ನೆಗೆ ಒಂದೂ ಇಲ್ಲ. ಆ ಕಚ್ ಕಚ್ ಸದ್ದು ಅವಳ ಕಿವಿಯಲ್ಲಿ ಕೂತುಬಿಟ್ಟಿತು.

ರೂಪ್ಸಾ ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಡೋಲ್ಮಾ ಮೆತ್ತಗೆ ಹೇಳಿದಳು: "ಈಗ ಕಾನೂನಿದೆಯಲ್ಲೇ ಬಟುಲಿ, ಹೀಗೆಲ್ಲ ಮಾಡಿದ್ರೆ ಜೈಲಂತೆ. ಠಾಣೆಗೆ ಹೋಗ್ಬಾರ್ದಾ?"

"ಹೋಗಿದ್ದೆ ಒಂದ್ಸಲ. ಜಾತಿ ಕೇಳಿ ಬಾಡಿಗೆಗೆ ಕೋಣೆ ಕೊಡಲ್ಲ ಅಂದಿದ್ರಲ್ಲ, ಆಗ. ದೂರು ಬರ್ಕೊಳ್ಳೋನು ಮನೆತನದ ಹೆಸರು ಕೇಳಿದ. ಹೇಳಿದೆ. ಸ್ವಲ್ಪ ಹೊರಗೆ ನಿಂತ್ಕೋ ಅಂದ."

"ಆಮೇಲೆ?"

"ಆಮೇಲೇನು, ನಿಂತ್ಕೊಂಡೆ."

ಒಂದು ವಾರ ಕಳೆದ ಮೇಲೆ ಸಾಹುನಿ ತಾನೇ ಜಗಲಿಗೆ ಬಂದಳು. ಮುಖ ಜೇನಿನಲ್ಲಿ ಅದ್ದಿದಂತಿತ್ತು.

"ಬಟುಲಿ, ಶನಿವಾರ ಇಂಗ್ರಿಡ್ ಬರ್ತಾಳೆ. ನಮ್ಮ ಪತ್ರ ಎಲ್ಲಾ ತಗೊಳ್ಳೋಳು ಅವಳೇ ಅಲ್ವಾ, ಅವರ ದೊಡ್ಡ ಹಬ್ಬಕ್ಕೆ. ಇನ್ನೂರು ಲಾಲಿಗುರಾಂಸ್ ಬೇಕು, ಕೆಂಪಂದ್ರೆ ಕೆಂಪು. ಅಂಗಳದಲ್ಲಿ ಶಾಮಿಯಾನ ಹಾಕಿಸ್ತೀನಿ. ನಿನ್ನ ಮಗಳನ್ನ ಕೆಂಪು ಸೀರೆ ಉಡ್ಸಿ ಕರ್ಕೊಂಡು ಬಾ. ಇಂಗ್ಲಿಷಲ್ಲಿ ಒಂದು ಮಾತು ಹೇಳಿದ್ರೆ ಸಾಕು, ನನಗೆ ಇಲ್ಲಿ ಗೌರವ ಸಿಕ್ಕಿದೆ ಅಂತ. ಫೋಟೋ ತೆಗೀತಾರೆ."

"ಅವಳ ತಲೆ ಇನ್ನೂ ಆರಿಲ್ಲ ಸಾಹುನಿ."

"ಏನಂದೆ?"

"ಜ್ವರ ಅಂದೆ."

"ಜ್ವರ ಶನಿವಾರದೊಳಗೆ ಇಳಿಯುತ್ತೆ. ನೋಡು, ಆವತ್ತಿಂದು ಮನಸ್ಸಿಗೆ ಹಚ್ಕೋಬೇಡ. ಭಾನುವಾರ ಮಾವನವರ ಶ್ರಾದ್ಧ ಬೇರೆ ಇದೆ, ಮನೇಲಿ ಮಡಿ ನಡೀಬೇಕಲ್ಲ. ನಿಮ್ಮನ್ನ ಜಗಲಿ ಮೇಲೆ ಕೂರ್ಸಿ ಕೆಲಸ ಕೊಟ್ಟೋಳು ಈ ಊರಲ್ಲಿ ನಾನೊಬ್ಬಳೇ. ಬೇರೆ ಯಾರಾದ್ರೂ ಕೊಡ್ತಿದ್ರಾ, ನೀನೇ ಹೇಳು."

ಆ ಸಂಜೆ ಬಟುಲಿ ಒಂದು ಪತ್ರವನ್ನು ಸೆರಗಿನಲ್ಲಿ ಸುತ್ತಿ ಕೋಣೆಗೆ ತಂದಳು. ಪತ್ರದ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ಅಚ್ಚಾಗಿತ್ತು. ಏಳು ವರ್ಷದಲ್ಲಿ ಸಾವಿರಾರು ಸಲ ಕಂಡಿದ್ದಳು, ಓದಿಸಿಕೊಂಡಿರಲಿಲ್ಲ.

"ಇದೇನು ಬರ್ದಿದೆ ಹೇಳು."

ರೂಪ್ಸಾ ಗೋಡೆ ಕಡೆಯಿಂದ ತಿರುಗಿದಳು. ಓದಿದಳು. "ಈ ಹೂವನ್ನು ಅರಳಿಸಿದ್ದು, ಒಂದು ಕಾಲದಲ್ಲಿ ಯಾರೂ ಮುಟ್ಟದಿದ್ದ ಕೈಗಳು. ಹಾಗಂತ ಬರ್ದಿದೆ."

"ಒಂದು ಕಾಲದಲ್ಲಿ?"

"ಹೂಂ. ಒಂದು ಕಾಲದಲ್ಲಿ."

"ಯಾವ ಕಾಲ ಅಂತೆ ಅದು? ಹೋದ ಸೋಮವಾರವಾ?"

ರೂಪ್ಸಾ ನಗಲಿಲ್ಲ. ಬಟುಲಿಯೂ ನಗಿಸಲೆಂದು ಹೇಳಿದ್ದಲ್ಲ. ತನ್ನ ಕೈಗಳನ್ನು ದೀಪಕ್ಕೆ ಹಿಡಿದು ನೋಡಿಕೊಂಡಳು. ಈ ಕೈಯನ್ನು ಒಂದು ಕಡೆ ನೀರು ಚಿಮುಕಿಸಿ ತೊಳೆಯುತ್ತಾರೆ. ಇನ್ನೊಂದು ಕಡೆ ಅದೇ ಕೈಯ ಕಥೆ ಅಚ್ಚು ಹಾಕಿಸಿ ಮಾರುತ್ತಾರೆ.

"ಶನಿವಾರ ಬರ್ತೀಯಾ?" ಕೇಳಿದಳು.

"ಗೌರವ ಸಿಕ್ಕಿದೆ ಅನ್ನೋಕಾ?"

"ಅಲ್ಲ. ಆವತ್ತು ಏನು ಮಾಡಿದೆ ಅಂತ ಸಾಹುನಿ ಬಾಯಿಂದ್ಲೇ, ಅಷ್ಟು ಜನರ ಮುಂದೆ ಹೇಳಿಸ್ತೀನಿ. ನೀನು ನನ್ನ ಪಕ್ಕ ನಿಂತಿದ್ರೆ ಸಾಕು."

"ಹೇಗೆ ಹೇಳಿಸ್ತೀಯಾ?"

ಬಟುಲಿ ಸೊಂಟದ ಪಟುಕಾ ಬಿಚ್ಚಿ ಪಟಿಕದ ಗಡ್ಡೆಯೊಂದನ್ನು ತೆಗೆದಳು. ಈ ವಾರದ ಹಾಳೆಗೆ ಹಾಕಬೇಕಾಗಿದ್ದ ಗಡ್ಡೆ. ನೆಲದ ಮೇಲಿಟ್ಟಳು. ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತಿತ್ತು.

ಆಮೇಲಿನ ನಾಲ್ಕು ದಿನ ಅವಳು ದುಡಿದ ಹಾಗೆ ಏಳು ವರ್ಷದಲ್ಲಿ ದುಡಿದಿರಲಿಲ್ಲ. ಪಟಿಕ ಕಾಣದ ಕೆಂಪು, ಬೆವರು ಸೋಕಿದರೂ ಬಿಟ್ಟುಕೊಳ್ಳುತ್ತದೆ. ಭಾದ್ರದ ಸೆಕೆಯಲ್ಲಿ ಬೆವರದೆ ಇರುವುದು ಹೇಗೆ? ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡಳು. ಹಣೆಗೆ ಬಟ್ಟೆ ಬಿಗಿದಳು. ಎಸಳನ್ನು ಒದ್ದೆ ಮಾಡದೆ ಒಣಗಿದ್ದನ್ನೇ ಮಡಚಿದಳು. ಒಣ ಲೋಕ್ತಾದ ಅಂಚು ಬೆರಳನ್ನು ಕೊಯ್ಯಿತು. ಅಂಟನ್ನು ಹಸಿರು ತೊಟ್ಟಿಗೆ ಮಾತ್ರ ಮುಟ್ಟಿಸಿದಳು. ಅದೇ ಹಾಳೆಗಳಲ್ಲಿ ಒಂದಿಷ್ಟನ್ನು ಡೋಲ್ಮಾಳ ಕೈಗೂ ಕೊಟ್ಟಳು.

"ಇಪ್ಪತ್ತು ಹೂವು ನೀನು ಒಳಗೆ ಕೂತು ಮಾಡು ದೀದಿ. ಒಣಗಿದ್ದನ್ನೇ ಮಡಚು. ಬೂದಿ ಹಚ್ಕೋ."

ಡೋಲ್ಮಾ ಹಾಳೆಯ ಅಂಚನ್ನು ನಾಲಿಗೆಗೆ ತಾಗಿಸಿ ನೋಡಿದಳು. ನಾಲಿಗೆ ಕೆಂಪಾಯಿತು. ಅವಳು ಬಟುಲಿಯನ್ನು ನೋಡಿದಳು, ಬಟುಲಿ ಅವಳನ್ನು ನೋಡಿದಳು.

"ಅವಳು ನೀರು ಚಿಮುಕಿಸದೇ ಹೋದ್ರೆ?" ಪಿಸುಗುಟ್ಟಿದಳು ಡೋಲ್ಮಾ.

"ಚಿಮುಕಿಸದೇ ಹೋದ್ರೆ ಇನ್ನೂರು ಹೂವೂ ಚೆನ್ನಾಗಿರ್ತವೆ. ಅವಳೂ ಚೆನ್ನಾಗಿರ್ತಾಳೆ. ನಾನು ಸೋತೆ, ಹೋಗಿ ಅವಳ ಕಾಲಿಗೆ ಬೀಳ್ತೀನಿ."

ಡೋಲ್ಮಾ ಕೆಂಪಾದ ನಾಲಿಗೆಯನ್ನು ಸೆರಗಿನಿಂದ ಒರೆಸಿಕೊಂಡಳು. "ಆವತ್ತು ಆ ಗಾಗ್ರಿನ ನಾನೂ ತೊಳೆದೆ ಕಣೇ," ಅಂದಳು. ಹಾಳೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಹತ್ತು ಮೊರ ಹೊಸ್ತಿಲಿನ ಮುಂದೆ ಸಾಲಾಗಿದ್ದವು. ಬೆಟ್ಟದ ಒಂದು ಮಗ್ಗುಲನ್ನೇ ಕಿತ್ತು ತಂದಿಟ್ಟಂತೆ. ಸಾಹುನಿಯೂ ಬಾಗಿ ಒಂದೊಂದು ಮೊರವನ್ನೇ ನೋಡಿದಳು. ಬಟುಲಿ ದೂರ ನಿಂತು ಅವಳ ಕೈಯನ್ನೇ ನೋಡುತ್ತಿದ್ದಳು. ಕೈಯಲ್ಲಿ ಬಟ್ಟಲು ಇರಲಿಲ್ಲ. ಮೊರ ಒಳಗೆ ತಗೊಳ್ಳಿ ಅಂದುಬಿಡುತ್ತಾಳೇನೋ. ಅಂದುಬಿಡಲಿ ಅನ್ನುವ ಆಸೆಯೂ ಬಟುಲಿಯ ಒಳಗೆಲ್ಲೋ ಮಿಣುಕಿತು.

"ಡೋಲ್ಮಾ, ಆ ಬಟ್ಟಲು ತಗೊಂಡು ಬಾ," ಅಂದಳು ಸಾಹುನಿ.

ಡೋಲ್ಮಾ ತಂದಳು. ತಂದವಳು ಸುಮ್ಮನಿರಲಿಲ್ಲ. "ಸ್ವಲ್ಪ ಜಾಸ್ತಿನೇ ಹಾಕಿ ಸಾಹುನಿ. ಆ ರೂಪ್ಸಾ ಬಂದು ಎಲ್ಲಾ ಮೊರಾನೂ ಮುಟ್ಟಿ ಮುಟ್ಟಿ ನೋಡಿದ್ಲು. ನಾಳೆ ಶ್ರಾದ್ಧ ಬೇರೆ."

ಸಾಹುನಿ ಗರಿಕೆಯನ್ನು ಎಸೆದು ಬಟ್ಟಲಿಗೆ ಕೈ ಹಾಕಿದಳು. ಬೊಗಸೆಯಿಂದಲೇ ಎರಚಿದಳು, ಒಂದೊಂದು ಮೊರಕ್ಕೆ ಮೂರು ಮೂರು ಸಲ. ಹನಿ ಹೂವಿನ ಮೇಲೆ ನಿಲ್ಲುವುದರೊಳಗೆ ಬಿಳಿ ಬಟ್ಟೆ ಹೊದಿಸಿದಳು. ಮೊರಗಳು ಶಾಮಿಯಾನದ ಕೆಳಗಿನ ಮೇಜಿಗೆ ಹೋದವು. ಡೋಲ್ಮಾಳ ಒಂದು ಮೊರವೂ ಹೋಯಿತು. ಅದಕ್ಕೆ ನೀರಿನ ಅಗತ್ಯ ಇರಲಿಲ್ಲ.

ಇಂಗ್ರಿಡ್ ಬಂದಳು. ಎತ್ತರದ ಮುದುಕಿ, ಕೊರಳಲ್ಲಿ ಕ್ಯಾಮೆರಾ, ಜೊತೆಗೆ ಅವಳ ದೇಶದವರೇ ನಾಲ್ಕು ಜನ. ಇಪ್ಪತ್ತು ವರ್ಷ ಬಂದು ಹೋಗಿ ಮಾಡಿ ನೇಪಾಳಿ ಕಲಿತಿದ್ದಳು, ಆದರೆ ಅಂಗಳದ ನಾಯಿಗೆ ತಾವು ಅನ್ನುತ್ತಿದ್ದಳು, ಸಾಹುನಿಗೆ ನೀನು ಅನ್ನುತ್ತಿದ್ದಳು. ಓಣಿಯ ಜನವೂ ಸೇರಿದರು. ಹೂಮಾಲೆ ಆಯಿತು. ಚಹಾ ಆಯಿತು. ಸಾಹುನಿ ಮಾತಾಡಿದಳು, ಹೆಣ್ಣುಮಕ್ಕಳ ಬಗ್ಗೆ, ಗೌರವದ ಬಗ್ಗೆ, ಎಲ್ಲರೂ ಒಂದೇ ಅನ್ನುವುದರ ಬಗ್ಗೆ. ಅವಳು ಮಾತಾಡುತ್ತಿದ್ದ ಹಾಗೇ ಮೇಜಿನ ಮೇಲಿನ ಬಿಳಿ ಬಟ್ಟೆಯಲ್ಲಿ ಒಂದು ಕೆಂಪು ಚುಕ್ಕಿ ಮೂಡಿತು. ಇನ್ನೊಂದು ಮೂಡಿತು. ಗಾಯಕ್ಕೆ ಕಟ್ಟಿದ ಬಟ್ಟೆಯ ಹಾಗೆ ಒಳಗಿನಿಂದ ಹರಡಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಾತಿನ ಭರದಲ್ಲಿದ್ದವಳು ಹಿಂದೆ ತಿರುಗಿ ನೋಡಲಿಲ್ಲ. ಹಾಗೇ ಕೈ ಚಾಚಿ ಬಟ್ಟೆ ಎಳೆದಳು.

ಹೂವು ಇರಲಿಲ್ಲ. ಕೆಂಪು ಇತ್ತು. ಎಸಳುಗಳೆಲ್ಲ ಕುಸಿದು, ಬಣ್ಣ ಬಿಳಿ ಪತ್ರದ ಉದ್ದಕ್ಕೂ ಇಳಿದು, ಮೊರದ ಬಿದಿರಿಗೂ ಹತ್ತಿತ್ತು. ಹತ್ತು ಮೊರವೂ ಹಾಗೇ. ಕೊನೆಯಲ್ಲಿದ್ದ ಡೋಲ್ಮಾಳ ಮೊರ ಮಾತ್ರ ಬೆಳಗಿನ ಹಾಗೇ ಅರಳಿ ಕೂತಿತ್ತು.

"ಅಯ್ಯೋ," ಅಂದಳು ಸಾಹುನಿ. ಪತ್ರಗಳನ್ನು ಬಾಚಿ ಎತ್ತಿದಳು, ಅಂಗೈಯಿಂದ ಒರೆಸಿದಳು. ಒರೆಸಿದಷ್ಟೂ ಹರಡಿತು. ಮೊಣಕೈವರೆಗೆ ಕೆಂಪಾದಳು.

"ಏನು ಇದು? ನೀರು ಹೇಗೆ?" ಕೇಳಿದಳು ಇಂಗ್ರಿಡ್.

"ಮಳೆ. ರಾತ್ರಿ ಮಳೆ ಬಂದು ಮನೆಯ ಸೂರು ಸೋರಿದೆ."

"ಮೇಲೊಂದು ಅಂತಸ್ತಿದೆಯಲ್ಲ ಸಾಹುನಿ," ಅಂದಳು ಡೋಲ್ಮಾ. "ಅದನ್ನ ದಾಟ್ಕೊಂಡು, ನನ್ನ ಮೊರ ಬಿಟ್ಟು, ಬಟುಲಿ ಮೊರಕ್ಕೇ ಹುಡುಕ್ಕೊಂಡು ಬಿತ್ತಾ ಆ ಮಳೆ? ಎರಡೂ ಒಂದೇ ಕಾಗದ, ಒಂದೇ ಬಣ್ಣ."

ಓಣಿಯವರಲ್ಲಿ ಯಾರೋ ನಕ್ಕರು. ಸಾಹುನಿಗೆ ಆಗ ತಿಳಿಯಿತು. ಜಗಲಿಯ ಕಡೆ ತಿರುಗಿದಳು.

"ಬಣ್ಣ ಕೆಡ್ಸಿದ್ದು ನೀನು. ಬೇಕು ಅಂತ ಕೆಡ್ಸಿದ್ದೀಯಾ."

ಬಟುಲಿ ಜಗಲಿಯಿಂದ ಇಳಿದಳು. ಮಗಳ ಕೈ ಹಿಡಿದಿದ್ದಳು. ಶಾಮಿಯಾನದ ಕೆಳಗೆ ಬಂದು, ಪಟುಕಾದಿಂದ ಪಟಿಕದ ಗಡ್ಡೆ ತೆಗೆದು ಮೇಜಿನ ಮೇಲಿಟ್ಟಳು.

"ಹೌದು. ಪಟಿಕ ಹಾಕಲಿಲ್ಲ. ನೋಡಿ, ಇಲ್ಲಿದೆ. ನನ್ನ ತಪ್ಪು ನಾನು ಹೇಳ್ದೆ. ನೀರು ನಾನು ಹಾಕಲಿಲ್ಲ. ಅದು ಯಾರು ಹಾಕಿದ್ದು, ಯಾಕೆ ಹಾಕಿದ್ದು, ನೀವು ಹೇಳಿ."

ಸಾಹುನಿ ಕೆಂಪಾದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಹೇಳಿ ಸಾಹುನಿ. ಏಳು ವರ್ಷ ದಿನಾ ಮಾಡಿದ್ದು ಬಾಯಲ್ಲಿ ಹೇಳೋಕೇನು ಕಷ್ಟ?"

ರೂಪ್ಸಾ ಒಂದು ಪತ್ರ ಎತ್ತಿಕೊಂಡಳು. ತಿರುಗಿಸಿ ಬೆನ್ನಿನ ಸಾಲನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಓಣಿಯವರಿಗೆ ತಿಳಿಯುವ ಹಾಗೆ ಓದಿದಳು. "ಒಂದು ಕಾಲದಲ್ಲಿ ಯಾರೂ ಮುಟ್ಟದಿದ್ದ ಕೈಗಳು. ಆ ಕಾಲ ಅಂದ್ರೆ ಇವತ್ತು ಬೆಳಿಗ್ಗೆ. ನನ್ನ ತಲೆ ಮೇಲೆ ಗಾಗ್ರಿ ಸುರಿದ ಕಾಲ ಅಂದ್ರೆ ಹನ್ನೆರಡು ದಿನದ ಹಿಂದೆ."

"ಅದು ನಮ್ಮ ಆಚಾರ," ಅಂದಳು ಸಾಹುನಿ. ದನಿ ಚೂರಾಗಿತ್ತು. "ಸುನ್‌ಪಾನಿ ಹಾಕೋದು ನಮ್ಮ ಆಚಾರ. ಹಾಕಿದೆ. ಎಲ್ಲರೂ ಹಾಕ್ತಾರೆ. ಅವಳು ಗಾಗ್ರಿ ಮುಟ್ಟಿದ್ಲು, ಸುರಿದೆ. ಏನೀಗ?"

ಅಂದುಬಿಟ್ಟಿದ್ದಳು. ಅಷ್ಟು ಜನರ ಮುಂದೆ, ಅವಳ ಬಾಯಿಂದಲೇ.

ಇಂಗ್ರಿಡ್ ಕ್ಯಾಮೆರಾ ಎತ್ತಿದಳು. "ಬಟುಲಿ, ನೀವು ಈ ಪತ್ರ ಹಿಡಿ. ದೊಡ್ಡ ಕಥೆ ಇದು. ಎಲ್ಲರೂ ನೋಡಬೇಕು."

"ಬೇಡ," ಅಂದಳು ಬಟುಲಿ. "ನನ್ನ ಕೈ ಕಥೆ ಮಾರಿದ್ದು ಸಾಕು. ಇವರು ಮಾರಿದ್ರು, ನೀವು ಕೊಂಡ್ರಿ. ಏಳು ವರ್ಷದಲ್ಲಿ ಎಷ್ಟು ಸಲ ಬಂದಿದ್ದೀರಿ? ನಾನು ಒಳಗೆ ಯಾಕೆ ಕೂತಿಲ್ಲ ಅಂತ ಒಂದ್ಸಲ ಕೇಳಿದ್ರಾ?"

ಮುದುಕಿ ಕ್ಯಾಮೆರಾ ಇಳಿಸಿದಳು. ಅವರ ಗಾಡಿ ಬಂದ ಹಾಗೇ ಖಾಲಿ ಹೋಯಿತು. ಓಣಿಯವರು ಚದುರಿದರು, ಆದರೆ ದೂರ ಹೋಗಲಿಲ್ಲ.

ಬಟುಲಿ ಜಗಲಿಗೆ ಹೋಗಿ ಕತ್ತರಿ ತೆಗೆದುಕೊಂಡಳು. ಬಟ್ಟೆಯಿಂದ ಒರೆಸಿ ಸೊಂಟಕ್ಕೆ ಸಿಕ್ಕಿಸಿದಳು. ಕೆಲಸ ಹೋಗಿತ್ತು, ಅದು ಅವಳಿಗೆ ನಾಲ್ಕು ದಿನದ ಹಿಂದೆಯೇ ಗೊತ್ತಿತ್ತು. ಹೊರಟಾಗ ಹಿಂದಿನಿಂದ ಸಾಹುನಿ ಕರೆದಳು. ಏಳು ವರ್ಷದಲ್ಲಿ ಮೊದಲ ಸಲ ಆ ದನಿಯಲ್ಲಿ ಬೇಡಿಕೆ ಇತ್ತು. ನಲ್ಲಿಯ ಕೆಳಗೆ ನಿಂತು ಕೈ ಉಜ್ಜಿಕೊಳ್ಳುತ್ತಿದ್ದಳು. ಕೆಂಪು ಹೋಗುತ್ತಿರಲಿಲ್ಲ. ಉಗುರಿನ ಬುಡಕ್ಕೆ ಇಳಿದಿತ್ತು.

"ಬಟುಲಿ, ನಾಳೆ ಶ್ರಾದ್ಧ ಇದೆ. ಈ ಕೈಯಲ್ಲಿ ಪಿಂಡಕ್ಕೆ ಅನ್ನ ಮಾಡೋದು ಹೇಗೆ? ಇದು ಏನು ಹಾಕಿದ್ರೆ ಹೋಗುತ್ತೆ, ಹೇಳು."

ಬಟುಲಿ ನಿಂತಳು. ತನ್ನ ಉಗುರು ನೋಡಿಕೊಂಡಳು, ಅವಳ ಉಗುರು ನೋಡಿದಳು. ಎರಡೂ ಒಂದೇ ಬಣ್ಣ.

"ಸುನ್‌ಪಾನಿ ಇದೆಯಲ್ಲ ಸಾಹುನಿ," ಅಂದಳು. "ಚಿಮುಕಿಸ್ಕೊಳ್ಳಿ. ಅದರಿಂದ ಹೋಗದೇ ಇರೋದು ಏನಿದೆ?"

ತಾಯಿ ಮಗಳು ಓಣಿಗೆ ಇಳಿದರು. ಹಿಂದೆ ಸಾಹುನಿ ಬೂದಿ ತರಲು ಡೋಲ್ಮಾಳನ್ನು ಕೂಗಿದ್ದು ಕೇಳಿಸಿತು. ಡೋಲ್ಮಾ ಬಂದ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಬೂದಿ ಹಾಕಿ ಪರಪರ ಉಜ್ಜುವ ಸದ್ದು ಶುರುವಾಯಿತು. ಗಾಗ್ರಿ ಉಜ್ಜಿದ ಹಾಗೇ.

ರೂಪ್ಸಾ ಕಿವಿಗೊಟ್ಟು ಕೇಳಿದಳು. ಹನ್ನೆರಡು ದಿನದ ಮೇಲೆ ಅವಳ ಹಲ್ಲು ಕಂಡಿತು.

"ಆಮಾ," ಅಂದಳು. "ಮುಟ್ಟಿದವಳೇ ತೊಳ್ಕೊಂಡ್ರೆ ತೊಳೆದ ಹಾಗಾ?"